ಆವರಣದೊಳಗೆ ಬಚ್ಚಿಟ್ಟ ಬಡ್ತಿ

ದಾವಣಗೆರೆಯಿಂದ ಬಂದ ಕಾಗದವೊಂದನ್ನು ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗಿತ್ತು. ಒಲೆ ಒರೆಸುತ್ತಲೇ ಉತ್ತರದ ಮೊದಲ ಸಾಲು ಹೊಳೆಯಿತು, ಅದು ಅಚ್ಚಿಗೆ ಕೊಡುವಂಥದ್ದಲ್ಲ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಬರೆದವರಿಗೆ 33 ವರ್ಷ. ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಕ್ಲರ್ಕ್. ಕಾಲೇಜಿನ ಸಹಪಾಠಿಯನ್ನು 11 ವರ್ಷಗಳಿಂದ ಪ್ರೀತಿಸುತ್ತಿದ್ದಾರೆ. ನಾಲ್ಕು ವರ್ಷಗಳ ಹಿಂದೆ ಧೈರ್ಯ ಮಾಡಿ ಹೇಳಿದಾಗ ಆತ, "ನಿನ್ನನ್ನು ಆ ದೃಷ್ಟಿಯಿಂದ ನೋಡಿಲ್ಲ, ಕ್ಷಮಿಸು" ಎಂದ. ಆದರೂ ಭಾನುವಾರ ರಾತ್ರಿ ಫೋನ್ ಮಾಡಿ ತನ್ನ ಕಚೇರಿಯ ಗೋಳು ಹೇಳಿಕೊಳ್ಳುತ್ತಾನೆ. ಫೋನ್ ಬಾರದ ಭಾನುವಾರ ಇವರಿಗೆ ನಿದ್ದೆಯಿಲ್ಲ. ಪ್ರಶ್ನೆ ಇಷ್ಟೇ: "ಅವನ ಮನಸ್ಸು ಬದಲಾಗುವವರೆಗೆ ಕಾಯುವುದು ತಪ್ಪೇ?"

ಮೂರು ಪುಟದ ಕಾಗದ. ಅವನ ನಗು, ಅವನ ಕೈಬರಹ, ಬೆಣ್ಣೆ ದೋಸೆಯ ಜೊತೆ ಅವನು ಎರಡು ಸಲ ಪಲ್ಯ ಹಾಕಿಸಿಕೊಳ್ಳುವುದು, ಎಲ್ಲವೂ ಇದೆ. ಎರಡನೆಯ ಪುಟದ ಕೊನೆಯಲ್ಲಿ, ಆವರಣದೊಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೀಗಿದೆ: "(ಈ ನಡುವೆ ಎರಡು ಸಲ ಆಫೀಸರ್ ಬಡ್ತಿ ಬೇಡವೆಂದೆ, ಅದು ಬೇರೆ ವಿಷಯ.)"

ಬೇರೆ ವಿಷಯವಲ್ಲ ತಾಯಿ, ವಿಷಯವೇ ಅದು!

ಬ್ಯಾಂಕಿನಲ್ಲಿ ಬಡ್ತಿ ಎಂದರೆ ವರ್ಗಾವಣೆ. ಊರು ಬಿಡಲಾಗದೆ ಬಡ್ತಿ ಬಿಡುವವರು ಬಹಳ ಜನ. ಹಾಸಿಗೆ ಹಿಡಿದ ತಂದೆ, ಹತ್ತನೇ ತರಗತಿಯ ಮಗು, ಅವರವರ ಕಾರಣ ಅವರಿಗೆ. ನಿಮ್ಮ ಕಾರಣ ವಾರಕ್ಕೊಮ್ಮೆ ಮೊಬೈಲಿನಲ್ಲಿ ಮಾತಾಡುತ್ತದೆ. ಆ ಫೋನ್ ಕಲಬುರಗಿಯಲ್ಲಿದ್ದರೂ ಬರುತ್ತದೆ! ಹೀಗೆ ಬಡ್ತಿ ಬಿಟ್ಟದ್ದು ಅವನಿಗೆ ಗೊತ್ತಿದೆಯೇ? ನೀವು ಬರೆದಿಲ್ಲ, ಗೊತ್ತಿರಲಾರದು. ಕೇಳದೆ ಕೊಟ್ಟ ಠೇವಣಿಗೆ ಯಾರೂ ರಸೀದಿ ಕೊಡುವುದಿಲ್ಲ, ಇದನ್ನು ಕೌಂಟರಿನಲ್ಲಿ ಕೂರುವ ನಿಮಗೆ ನಾನು ಹೇಳಬೇಕೆ? ಒಲವು ಸೇವಾ ಹಿರಿತನದ ಮೇಲೆ ಸಿಗುವುದಿಲ್ಲವೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಲೆಕ್ಕವಿಲ್ಲ.

ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. 2010ರಲ್ಲಿ ಹೆಲೆನ್ ಫಿಶರ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವಿದೆ. ತಿರಸ್ಕೃತರಾದ ಮೇಲೂ ಪ್ರೀತಿ ಬಿಡಲಾಗದ 15 ಮಂದಿಗೆ ಆ ಪ್ರಿಯರ ಫೋಟೊ ತೋರಿಸುತ್ತ ಅವರು ಮೆದುಳಿನ ಸ್ಕ್ಯಾನ್ ಮಾಡಿದರು. ಕೊಕೇನಿನ ಹಂಬಲದಲ್ಲಿ ಚುರುಕಾಗುವ ಭಾಗಗಳೇ ಅಲ್ಲೂ ಚುರುಕಾಗಿದ್ದವು. ಹೀಗಿರುವಾಗ "ಮರೆತುಬಿಡು" ಎಂದು ಬಿಟ್ಟಿ ಬುದ್ಧಿ ಹೇಳುವ ಸಹೋದ್ಯೋಗಿಗಳನ್ನು ನೀವು ಧಾರಾಳವಾಗಿ ಬೈದುಕೊಳ್ಳಬಹುದು. ಅದೇ ಅಧ್ಯಯನದಲ್ಲಿ, ತಿರಸ್ಕಾರವಾಗಿ ಹೆಚ್ಚು ದಿನ ಕಳೆದವರಲ್ಲಿ ಬಾಂಧವ್ಯಕ್ಕೆ ಸಂಬಂಧಿಸಿದ ಒಂದು ಭಾಗದ ಚಟುವಟಿಕೆ ಕಡಿಮೆಯಿತ್ತು. ನಿಮಗೆ ಮಾತ್ರ ದಿನಗಳು ಕಳೆಯುತ್ತಲೇ ಇಲ್ಲ, ಪ್ರತಿ ಭಾನುವಾರ ಎಣಿಕೆ ಮತ್ತೆ ಒಂದರಿಂದ ಶುರು.

ಆ ಹುಡುಗನ ಮೇಲೆ ನನಗೆ ಅಂಥ ಸಿಟ್ಟಿಲ್ಲ. ತುಸು ಸ್ವಾರ್ಥಿ, ನಿಜ. ಆದರೆ ಇಲ್ಲ ಎನ್ನುವುದನ್ನು ಇಲ್ಲವೆಂದೇ ಹೇಳಿದ. ನನ್ನ ಸಿಟ್ಟೆಲ್ಲ ಅವನ ತಾಯಿಯ ಮೇಲೆ.

ಡೊರೊಥಿ ಟೆನ್ನಾವ್ ಎಂಬ ಮನೋವಿಜ್ಞಾನಿ ಈ ಬಗೆಯ ಮರುಳಿಗೆ 'ಲಿಮರೆನ್ಸ್' ಎಂದು ಹೆಸರಿಟ್ಟು, 1979ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಅದು ಬದುಕುವುದು ಎರಡರ ಮೇಲೆ: ಚೂರು ಆಸೆ, ಚೂರು ಅನಿಶ್ಚಯ. ಮಗ ನಾಲ್ಕು ವರ್ಷದ ಹಿಂದೆಯೇ ಅನಿಶ್ಚಯವನ್ನು ಮುಗಿಸಿದ್ದ. ಅದಕ್ಕೆ ಮತ್ತೆ ಮತ್ತೆ ನೀರೆರೆದವರು ಈ ಹಿರಿಯರು. "ಅವನಿಗೆ ಇವತ್ತಲ್ಲ ನಾಳೆ ಬುದ್ಧಿ ಬರುತ್ತದೆ, ನೀನು ಗಟ್ಟಿಯಾಗಿರು" ಎನ್ನುತ್ತಾರಂತೆ. ನಿಮ್ಮನ್ನು 'ನಮ್ಮ ಮನೆಯ ಮಗಳು' ಎನ್ನುತ್ತಾರಂತೆ. ಮನೆಯ ಮಗಳು ಅವರ ಎಫ್‌ಡಿ ನವೀಕರಿಸುತ್ತಾಳೆ, ಪ್ರತಿ ನವೆಂಬರಿನಲ್ಲಿ ಅವರ ಕುಟುಂಬ ಪಿಂಚಣಿಗೆ ಜೀವಿತ ಪ್ರಮಾಣಪತ್ರದ ಕೆಲಸವನ್ನು ಸಾಲಿಲ್ಲದೆ ಮುಗಿಸಿಕೊಡುತ್ತಾಳೆ. ಅದೇ ಬಾಯಿ ಮೊನ್ನೆ ರಾಣೆಬೆನ್ನೂರಿನ ಸಂಬಂಧದ ಫೋಟೊವನ್ನು ನಿಮಗೇ ತೋರಿಸಿ, "ಹುಡುಗಿ ಹೇಗಿದ್ದಾಳೆ?" ಎಂದು ಕೇಳಿತಲ್ಲ! ನೀವು "ಲಕ್ಷಣವಾಗಿದ್ದಾಳೆ" ಎಂದಿರಂತೆ. ನನ್ನ ಹಾಲು ಉಕ್ಕಿದ್ದು ಆ ಸಾಲಿನಲ್ಲಿಯೇ.

ಅವನ ನಂಬರ್ ಅಳಿಸಿ, ಯೋಗ ಮಾಡಿ, ಹೊಸ ಹವ್ಯಾಸ ಬೆಳೆಸಿಕೊಳ್ಳಿ ಎಂದೆಲ್ಲ ನಾನು ಹೇಳುವುದಿಲ್ಲ. ನಂಬರ್ ನಿಮಗೆ ಬಾಯಿಪಾಠವಾಗಿದೆ, ಅಳಿಸಿ ಏನು ಪ್ರಯೋಜನ? ಹೇಳುವುದು ಒಂದೇ. ಮುಂದಿನ ಸಲ ಬಡ್ತಿಯ ಸುತ್ತೋಲೆ ಬಂದ ದಿನವೇ ಅರ್ಜಿ ಹಾಕಿ. ಯಾರನ್ನೂ ಕೇಳಬೇಡಿ, ಭಾನುವಾರದ ಫೋನಿನಲ್ಲಿ ಅದರ ಸುದ್ದಿ ಎತ್ತಲೇಬೇಡಿ. ಯಾವ ಊರಿಗೆ ಹಾಕಿದರೂ ಹೋಗಿ. ಅಲ್ಲಿಯೂ ಅಳು ಬರುತ್ತದೆ, ಬರಲಿ, ಆಫೀಸರ್ ಆಗಿ ಅಳಿ. ನಿದ್ದೆಯಿಲ್ಲದ ರಾತ್ರಿಗಳು ಹೆಚ್ಚಾದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಭಾನುವಾರವೂ ಇರುತ್ತಾರೆ.

ವರ್ಗಾವಣೆಯ ಆದೇಶ ಬರುವ ಮೊದಲೇ ನವೆಂಬರ್ ಬಂದು, ಆ ಹಿರಿಯರು ನಿಮ್ಮ ಕೌಂಟರಿನ ಮುಂದೆ ನಿಂತರೆ, ನಮಸ್ಕಾರ ಹೇಳಿ, ಟೋಕನ್ ಕೊಟ್ಟು ಕೂರಿಸಿ.