ಕಡಲಹುಲ್ಲಿಗೆ ಆಮ್ಲೀಕರಣ ಲಾಭವೇ?

ಪ್ರಶ್ನೆ: ಸಾಗರ ಆಮ್ಲೀಕರಣದಿಂದ (ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಕಡಲನೀರಿನ ಪಿಎಚ್ ಇಳಿಯುವುದರಿಂದ) ಹವಳ, ಚಿಪ್ಪುಜೀವಿಗಳಿಗೆ ಕುತ್ತು ಎಂದು ಓದಿದ್ದೇನೆ. ಕಡಲಹುಲ್ಲು ಮಾತ್ರ ಇನ್ನಷ್ಟು ಸೊಂಪಾಗುತ್ತದೆ ಎನ್ನುತ್ತಾರಲ್ಲ, ನಿಜವೇ?

ಉತ್ತರ: ಬೆಳಕು ಸಾಕಷ್ಟಿದ್ದರೆ ನಿಜ. ಕಡಲಹುಲ್ಲು ಪಾಚಿಯಲ್ಲ, ಬೇರು, ಹೂವು, ಬೀಜವಿರುವ ಸಸ್ಯ. ಅದರ ಸುತ್ತ ಇಂಗಾಲ ಧಾರಾಳವಾಗಿದೆ, ಆದರೆ ಸುಲಭವಾಗಿ ದಕ್ಕುವ ರೂಪದಲ್ಲಿಲ್ಲ. ಪಿಎಚ್ 8.1ರ ನೀರಿನಲ್ಲಿ ಕರಗಿದ ಅಜೈವಿಕ ಇಂಗಾಲದ ಸುಮಾರು ಶೇ 90 ಬೈಕಾರ್ಬನೇಟ್; ಕಾರ್ಬನ್ ಡೈಆಕ್ಸೈಡ್ ಶೇ 1ನ್ನೂ ಮುಟ್ಟುವುದಿಲ್ಲ. ಹಲವು ಪ್ರಭೇದಗಳು ಕಾರ್ಬಾನಿಕ್ ಅನ್‌ಹೈಡ್ರೇಸ್ ಕಿಣ್ವದ ನೆರವಿನಿಂದ ಬೈಕಾರ್ಬನೇಟನ್ನೂ ಬಳಸಿಕೊಳ್ಳುತ್ತವೆ, ಆದರೂ ಕೊರತೆ ಪೂರ್ತಿ ನೀಗುವುದಿಲ್ಲ. ಹಾಗಾಗಿ ಕರಗಿದ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ದ್ಯುತಿಸಂಶ್ಲೇಷಣೆ ಚುರುಕಾಗುತ್ತದೆ. ಹೆಚ್ಚುವರಿ ಸಕ್ಕರೆ ಬಹುಪಾಲು ಮಣ್ಣಿನೊಳಗಿನ ಗುಪ್ತಕಾಂಡಕ್ಕೆ ಇಳಿಯುತ್ತದೆ. ಎಲೆ ಮಾತ್ರ ಅಳೆದವರಿಗೆ ಈ ಲಾಭ ಕಾಣುವುದೇ ಇಲ್ಲ.

ನೀರು ಕದಡಿದ್ದರೆ ಲೆಕ್ಕ ತಲೆಕೆಳಗು. ಜೋಸ್ಟೆರಾ ಮರೀನಾ ಎಂಬ ಪ್ರಭೇದವನ್ನು ಒಂದು ವರ್ಷ ಹೆಚ್ಚು ಇಂಗಾಲದಲ್ಲಿ ಬೆಳೆಸಿದಾಗ, ಒಳ್ಳೆಯ ಬೆಳಕಿನಲ್ಲಿದ್ದವು ಹೆಚ್ಚು ಹೂಬಿಟ್ಟವು, ನೆಲದಡಿಯ ಭಾಗ ಹೆಚ್ಚು ಬೆಳೆಯಿತು. ಮಬ್ಬಿನಲ್ಲಿದ್ದವಕ್ಕೆ ಏನೂ ಸಿಗಲಿಲ್ಲ. ಹೂಳು ಮತ್ತು ಗೊಬ್ಬರದ ಹರಿವನ್ನು ತಡೆಯದೆ ಆಮ್ಲೀಕರಣದ ಲಾಭ ಎಣಿಸುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ.

ಇಟಲಿಯ ಇಸ್ಕಿಯಾ ದ್ವೀಪದ ಬಳಿ ಕಡಲತಳದಿಂದ ಜ್ವಾಲಾಮುಖಿಯ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳಾಗಿ ಏಳುತ್ತದೆ. ಅಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲು ಒತ್ತಾಗಿ ಬೆಳೆದಿದೆ, ಎಲೆಗಂಟುವ ಸುಣ್ಣದ ಪಾಚಿ ಕರಗಿಹೋಗಿದೆ. ಆದರೆ ಮೀನುಗಳು ಎಲೆಯನ್ನು ಹೆಚ್ಚು ಮೇಯುತ್ತವೆ. ಇಟಲಿಯ ಇನ್ನೊಂದು ದ್ವೀಪ ವುಲ್ಕಾನೋದಲ್ಲಿ, ಮೇಯುವ ಜೀವಿಗಳನ್ನು ದೂರವಿಡುವ ಫಿನಾಲಿಕ್ ಪದಾರ್ಥಗಳೇ ಇನ್ನೊಂದು ಕಡಲಹುಲ್ಲಿನ ಎಲೆಯಲ್ಲಿ ಕಡಿಮೆಯಾಗಿದ್ದವು. ಬೆಳವಣಿಗೆ ಮತ್ತು ರಕ್ಷಣೆ ಜೊತೆಜೊತೆಗೆ ಏರುವುದಿಲ್ಲ.

ಪ್ರಶ್ನೆ: ಕಡಲಹುಲ್ಲಿನ ಪ್ರಯೋಗಕ್ಕಾಗಿ ತೊಟ್ಟಿಯ ಪಿಎಚ್ಅನ್ನು 7.8ಕ್ಕೆ ಇಳಿಸಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಸಾಲದೇ?

ಉತ್ತರ: ಸಾಲದು. ಆಮ್ಲ ಮಾತ್ರ ಹಾಕಿದರೆ ಕ್ಷಾರೀಯತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಸಾಮರ್ಥ್ಯ) ಕುಸಿಯುತ್ತದೆ, ತೆರೆದ ತೊಟ್ಟಿಯಿಂದ ಅನಿಲ ಹಾರಿಹೋಗಿ ಒಟ್ಟು ಇಂಗಾಲವೇ ಕಡಿಮೆಯಾಗುತ್ತದೆ. ಕಡಲಿನಲ್ಲಿ ನಡೆಯುತ್ತಿರುವುದು ಇದರ ವಿರುದ್ಧ: ಇಂಗಾಲ ಏರುತ್ತದೆ, ಕ್ಷಾರೀಯತೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆದ್ದರಿಂದ ಪಿಎಚ್ ನಿಯಂತ್ರಕಕ್ಕೆ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಜೋಡಿಸಿ ಕಾರ್ಬನ್ ಡೈಆಕ್ಸೈಡ್ ಬಿಡಿ. ಕೋಣೆಗೆ ಗಾಳಿಯಾಡಬೇಕು, ಸಿಲಿಂಡರ್ ಸೋರಿದರೆ ಉಸಿರುಗಟ್ಟುತ್ತದೆ. ಆಮ್ಲವೇ ಗತಿ ಎಂದಾದರೆ, ಮುಚ್ಚಿದ ತೊಟ್ಟಿಯಲ್ಲಿ ಪ್ರತಿ ಮೋಲ್ ಆಮ್ಲಕ್ಕೆ ಒಂದು ಮೋಲ್ ಸೋಡಿಯಂ ಬೈಕಾರ್ಬನೇಟ್ ಸೇರಿಸಿ.

ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಪಿಎಚ್ 4, 7, 10ರ ಮಾಮೂಲಿ ಬಫರ್‌ಗಳಲ್ಲಿ (ಅಳೆಯುವ ಉಪಕರಣವನ್ನು ಹೊಂದಿಸಲು ಬಳಸುವ, ಪಿಎಚ್ ಗೊತ್ತಿರುವ ದ್ರಾವಣಗಳಲ್ಲಿ) ಲವಣಾಂಶ ತೀರಾ ಕಡಿಮೆ. ಅವುಗಳಿಂದ ಹೊಂದಿಸಿದ ಎಲೆಕ್ಟ್ರೋಡ್ ಉಪ್ಪುನೀರಿನಲ್ಲಿ ತಪ್ಪು ತೋರಿಸುತ್ತದೆ. ಕೃತಕ ಕಡಲನೀರಿನಲ್ಲಿ ತಯಾರಿಸಿದ ಟ್ರಿಸ್ ಬಫರ್ ಬಳಸಿ. ಲವಣಾಂಶ 35, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದರ ಪಿಎಚ್, ಕಡಲನೀರಿಗೆ ಬಳಸುವ ಟೋಟಲ್ ಮಾಪಕದಲ್ಲಿ, 8.09. ಪಿಎಚ್ ಒಂದರಿಂದಲೇ ಇಂಗಾಲದ ಲೆಕ್ಕ ಸಿಗದು. ಕ್ಷಾರೀಯತೆ, ಉಷ್ಣತೆ, ಲವಣಾಂಶವೂ ಬೇಕು. ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ ಅಳೆಯಿರಿ, ಏಕೆಂದರೆ ಹುಲ್ಲೇ ಹಗಲಿನಲ್ಲಿ ಪಿಎಚ್ ಏರಿಸಿ ರಾತ್ರಿ ಇಳಿಸುತ್ತದೆ.

ಗಿಡವನ್ನು ಬೆಳೆಯುವ ತುದಿಯಿರುವ ಗುಪ್ತಕಾಂಡದ ಸಮೇತ, ಅನುಮತಿ ಪಡೆದೇ ತನ್ನಿ. ಎರಡು ವಾರ ಹೊಂದಿಕೊಳ್ಳಲು ಬಿಡಿ. ನಂತರ ಎಲೆಗಳ ಬುಡವನ್ನು ಸುತ್ತಿದ ಎಲೆಕವಚದ ಮೇಲ್ತುದಿಯಲ್ಲಿ ಎಲ್ಲ ಎಲೆಗಳೂ ಸೇರುವಂತೆ ಸೂಜಿಯಿಂದ ತೂತು ಮಾಡಿ. ಎಲೆ ಬುಡದಿಂದ ಬೆಳೆಯುವುದರಿಂದ, ವಾರದ ಬಳಿಕ ತೂತು ಮೇಲೆ ಸರಿದಷ್ಟೇ ಬೆಳವಣಿಗೆ. ಒಂದೇ ತೊಟ್ಟಿಯ ಹತ್ತು ಗಿಡ ಹತ್ತು ಪುನರಾವರ್ತನೆಯಲ್ಲ. ತೊಟ್ಟಿಗಳೇ ಪ್ರತ್ಯೇಕ ಇರಬೇಕು. ಬೆಳಕಿನ ಎರಡು ಮಟ್ಟಗಳನ್ನು ಇಡದಿದ್ದರೆ ಪ್ರಯೋಗದ ಅರ್ಧ ಉತ್ತರ ಕೈಬಿಟ್ಟಂತೆ.

ಪ್ರಶ್ನೆ: ಹುಲ್ಲು ನೆಟ್ಟರೆ ಪಕ್ಕದ ಚಿಪ್ಪುಜೀವಿಗಳಿಗೆ ಆಮ್ಲೀಕರಣದಿಂದ ರಕ್ಷಣೆಯೇ?

ಉತ್ತರ: ಸ್ವಲ್ಪ ಮಟ್ಟಿಗೆ, ಅದೂ ಆಳವಿಲ್ಲದ, ನಿಧಾನವಾಗಿ ಹರಿಯುವ ನೀರಿನಲ್ಲಿ. ಹಗಲು ಹೀರಿದ ಇಂಗಾಲದ ಒಂದು ಪಾಲನ್ನು ರಾತ್ರಿಯ ಉಸಿರಾಟ ನೀರಿಗೇ ಮರಳಿಸುತ್ತದೆ. ಅಲೆ, ಉಬ್ಬರವಿಳಿತ ಜೋರಾಗಿರುವ ಕಡೆ ಬದಲಾದ ನೀರು ಅಲ್ಲಿ ನಿಲ್ಲುವುದೇ ಇಲ್ಲ.