ಎಲ್‌ಡಿಎಲ್ ಸರಿಯಿದೆ, ಆದ್ರೆ ಎಚ್‌ಎಸ್-ಸಿಆರ್‌ಪಿ 4.2 ಬಂದಿದೆ. ಹೆದರಬೇಕಾ?

ನೀವು ಬರೆದಿರುವುದು ಇಷ್ಟು: ವಯಸ್ಸು 44, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98, ಶುಗರ್ ಇಲ್ಲ, ಬಿಪಿ ಇಲ್ಲ. ಪ್ಯಾಕೇಜ್ ಚೆಕಪ್ ಮಾಡಿಸಿದರೆ ಉರಿಯೂತ ಅಳೆಯುವ ಎಚ್‌ಎಸ್-ಸಿಆರ್‌ಪಿ 4.2 ಅಂತ ದಪ್ಪಕ್ಷರದಲ್ಲಿ ಬಂದಿದೆ, ಪಕ್ಕದಲ್ಲಿ ಹೃದಯಾಘಾತದ ಅಪಾಯ ಜಾಸ್ತಿ ಅಂತಲೂ ಇದೆ. ಇದು ನಿಜವಾದ ಟೆಸ್ಟಾ, ಲ್ಯಾಬಿನವರು ದುಡ್ಡಿಗೆ ಸೇರಿಸಿದ್ದಾ, ಇದನ್ನು ತಂದವರು ಯಾರು ಅಂತ ಕೇಳಿದ್ದೀರಿ.

ನಾನು ಬಯೋಕೆಮಿಸ್ಟ್ರಿ ಓದಿದವಳು. ಹದಿನೇಳು ವರ್ಷದಿಂದ ಲ್ಯಾಬಿನಲ್ಲೇ ಇದ್ದೇನೆ. ಮೊದಲು ಚಿಕ್ಕ ಉತ್ತರ: ಟೆಸ್ಟ್ ನಿಜ. ಆದರೆ ಒಂದೇ ಸಲ ಬಂದ ನಂಬರ್ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಯಾಕೆ ಅಂದರೆ ಇದು ನನಗೇ ಆಗಿದೆ. ನಮ್ಮ ಲ್ಯಾಬಿಗೆ ಹೊಸ ಮೆಷಿನ್ ಬಂದಾಗ ಟ್ರಯಲ್‌ಗೆ ಅಂತ ನನ್ನದೇ ರಕ್ತ ಹಾಕಿದೆ. 7.8 ಬಂತು. ಮೆಷಿನ್ನೇ ಸರಿಯಿಲ್ಲ ಅಂತ ಇನ್ನೊಂದು ಸಲ ಓಡಿಸಿದೆ. 7.7. ಎದೆ ಡವಡವ ಅನ್ನತೊಡಗಿತು, ನಮ್ಮಪ್ಪನ ಬೈಪಾಸ್ ನೆನಪಾಯಿತು. ಆಗ ಪಕ್ಕದಲ್ಲಿದ್ದ ಟೆಕ್ನಿಷಿಯನ್ ಹುಡುಗಿ ತಣ್ಣಗೆ ಕೇಳಿದಳು: "ಮೇಡಂ, ನಿನ್ನೆ ಹಲ್ಲುನೋವು ಅಂತಿದ್ರಲ್ಲ?" ಬುದ್ಧಿಹಲ್ಲಿನ ಸುತ್ತ ವಸಡು ಊದಿಕೊಂಡಿತ್ತು. ಹಲ್ಲು ಕೀಳಿಸಿ ಮೂರು ವಾರ ಬಿಟ್ಟು ನೋಡಿದರೆ 0.9.

ಸಿಆರ್‌ಪಿ ಅಂದರೆ ಇಷ್ಟೇ. ಮೈಯಲ್ಲಿ ಎಲ್ಲೇ ಉರಿಯೂತವಾಗಲಿ, ಸುದ್ದಿ ಲಿವರ್‌ಗೆ ಹೋಗುತ್ತದೆ, ಲಿವರ್ ಈ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಎಲ್ಲಿ ಊದಿದೆ ಅಂತ ಮಾತ್ರ ಅದು ಹೇಳುವುದಿಲ್ಲ. 1930ರಲ್ಲೇ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡಿದ್ದರು. ಸೋಂಕು ಬಂದರೆ ಇದು ನೂರು ದಾಟುವುದೂ ಉಂಟು. ಎಚ್‌ಎಸ್ ಅಂತ ಸೇರಿಸಿದರೆ ಅದೇ ಪ್ರೋಟೀನ್, ತೀರಾ ಕಡಿಮೆ ಇದ್ದರೂ ಅಳೆಯುವ ವಿಧಾನ ಅಷ್ಟೆ. 1ಕ್ಕಿಂತ ಕೆಳಗೆ ಒಳ್ಳೆಯದು, 1ರಿಂದ 3 ನಡುವಿನದು, 3ರ ಮೇಲೆ ಜಾಸ್ತಿ. 10 ದಾಟಿದರೆ ಹೃದಯದ ಮಾತು ಬಿಟ್ಟು ಮೊದಲು ಸೋಂಕು ಹುಡುಕಬೇಕು.

ಇದನ್ನು ಹೃದಯದ ಲೆಕ್ಕಕ್ಕೆ ತಂದವರಲ್ಲಿ ದೊಡ್ಡ ಹೆಸರು ಪಾಲ್ ರಿಡ್ಕರ್. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಹೃದ್ರೋಗ ತಜ್ಞ. ಅವರ ಕಥೆ ಶುರುವಾಗುವುದು ಒಂದು ಫ್ರೀಜರ್‌ನಿಂದ. ಆ ಫ್ರೀಜರ್ ತುಂಬಿದ್ದು ಬೇರೆಯವರು, ಬೇರೆ ಕೆಲಸಕ್ಕೆ.

1982ರ ಹೊತ್ತಿಗೆ ಅಮೆರಿಕದ 22,071 ಗಂಡು ಡಾಕ್ಟರುಗಳನ್ನು ಸೇರಿಸಿ ಆಸ್ಪಿರಿನ್ ಹೃದಯಾಘಾತ ತಡೆಯುತ್ತದಾ ಅಂತ ಒಂದು ಅಧ್ಯಯನ ಶುರುವಾಗಿತ್ತು. ಅವರಲ್ಲಿ 14,916 ಮಂದಿ ರಕ್ತವನ್ನೂ ಕಳಿಸಿಕೊಟ್ಟರು. ಅದನ್ನು ಫ್ರೀಜ್ ಮಾಡಿಟ್ಟರು. ವರ್ಷಗಳು ಕಳೆದವು, ಕೆಲವರಿಗೆ ಹೃದಯಾಘಾತವಾಯಿತು, ಕೆಲವರಿಗೆ ಪಾರ್ಶ್ವವಾಯು, ಇನ್ನು ಕೆಲವರಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ರಿಡ್ಕರ್ ತಂಡ ಹಾಗಾದ 543 ಜನರ ಹಳೇ ಟ್ಯೂಬುಗಳನ್ನು ತೆಗೆದು, ಏನೂ ಆಗದ 543 ಜನರ ಟ್ಯೂಬುಗಳ ಪಕ್ಕ ಇಟ್ಟು ಸಿಆರ್‌ಪಿ ಅಳೆಯಿತು. ಫಲಿತಾಂಶ 1997ರಲ್ಲಿ ಬಂತು. ಸಿಆರ್‌ಪಿ ಅತಿ ಜಾಸ್ತಿ ಇದ್ದ ಕಾಲು ಭಾಗದವರಿಗೆ, ಅತಿ ಕಡಿಮೆ ಇದ್ದವರಿಗಿಂತ ಹೃದಯಾಘಾತದ ಅಪಾಯ ಹತ್ತಿರ ಹತ್ತಿರ ಮೂರು ಪಟ್ಟು. ಆಸ್ಪಿರಿನ್‌ನಿಂದ ಅಪಾಯ ಇಳಿದದ್ದೂ ಇವರಲ್ಲೇ ಜಾಸ್ತಿ, ಸುಮಾರು 56%. ಸಿಆರ್‌ಪಿ ತೀರಾ ಕಡಿಮೆ ಇದ್ದವರಲ್ಲಿ ಬರೀ 14%.

ಇಲ್ಲಿ ಒಂದು ಮಾತು ಗಮನಿಸಿ. ಹೃದಯಾಘಾತವಾದ ಮೇಲೆ ಸಿಆರ್‌ಪಿ ಏರುವುದು ದೊಡ್ಡ ಸಂಗತಿಯೇನಲ್ಲ, ಸತ್ತ ಮಾಂಸಖಂಡಕ್ಕೂ ಉರಿಯೂತ ಬರುತ್ತದೆ. ಆದರೆ ಈ ರಕ್ತ ಅವರು ಗಟ್ಟಿಮುಟ್ಟಾಗಿದ್ದಾಗ, ವರ್ಷಗಳ ಮುಂಚೆ ತೆಗೆದದ್ದು. ಫ್ರೀಜರ್ ಇಲ್ಲದಿದ್ದರೆ ಇದನ್ನು ತೋರಿಸಲು ಆಗುತ್ತಲೇ ಇರಲಿಲ್ಲ.

ಫ್ರೀಜರ್ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. ಪಿಜಿ ಥೀಸಿಸ್‌ಗೆ 180 ಸ್ಯಾಂಪಲ್ ಕೂಡಿಹಾಕಿದ್ದೆ, ಕಾಲೇಜಿನ ಹೆಸರು ಬೇಡ. ದಸರಾ ರಜೆಯಲ್ಲಿ ಕರೆಂಟ್ ಹೋಗಿದೆ, ಆ ಪ್ಲಗ್ ಜನರೇಟರ್ ಲೈನಿನಲ್ಲಿ ಇರಲೇ ಇಲ್ಲ, ಅಲಾರಂ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ. ರಜೆ ಮುಗಿಸಿ ಬಂದರೆ ಫ್ರೀಜರ್ ಕೆಳಗೆ ನೀರು, ಡಬ್ಬಿಗಳ ಮೇಲೆ ನನ್ನ ಕೈಬರಹ ಕರಗಿ ನೀಲಿ ನೀರಾಗಿ ಇಳಿದಿತ್ತು. ಹಾಗಾಗಿ ಬಾಸ್ಟನ್ನಿನವರ ಪೇಪರ್ ಓದುವಾಗ ಲೇಖಕರ ಹೆಸರಿಗಿಂತ ಮೊದಲು, ಇಷ್ಟು ವರ್ಷ ಆ ಪ್ಲಗ್ ನೋಡಿಕೊಂಡವರು ಯಾರಪ್ಪಾ ಅನಿಸುತ್ತದೆ.

2002ರಲ್ಲಿ ಇದೇ ಕೆಲಸ 27,939 ಹೆಂಗಸರಲ್ಲಿ ಮಾಡಿದರು. ಎಂಟು ವರ್ಷ ಅವರನ್ನು ಗಮನಿಸಿದಾಗ, ಹೃದಯ ಮತ್ತು ರಕ್ತನಾಳದ ತೊಂದರೆಯಾದವರಲ್ಲಿ 46% ಮಂದಿಯ ಎಲ್‌ಡಿಎಲ್ 130ಕ್ಕಿಂತ ಕಡಿಮೆ ಇತ್ತು. ನಿಮ್ಮ ಪ್ಯಾಕೇಜಿಗೆ ಈ ಟೆಸ್ಟ್ ಸೇರಿದ ದಾರಿ ಇದು.

ದುಡ್ಡಿನ ಅನುಮಾನವೂ ತಪ್ಪಲ್ಲ. ಈ ಬಗೆಯ ಟೆಸ್ಟ್‌ಗಳ ಪೇಟೆಂಟ್ ರಿಡ್ಕರ್ ಅವರ ಆಸ್ಪತ್ರೆಯ ಬಳಿ ಇತ್ತು, ಅದರಲ್ಲಿ ಅವರ ಹೆಸರೂ ಇದೆ. ಪೇಪರುಗಳಲ್ಲಿ ಅವರೇ ಅದನ್ನು ಹೇಳಿಕೊಳ್ಳುತ್ತಾರೆ. ಅದಕ್ಕಿಂತ ಗಟ್ಟಿಯಾದ ತಕರಾರು ಇನ್ನೊಂದು: ಸಿಆರ್‌ಪಿ ರೋಗ ತರುತ್ತದಾ, ಇಲ್ಲ ಸುಮ್ನೆ ಜೊತೆಗೆ ಏರುತ್ತದಾ? 2011ರಲ್ಲಿ ಹತ್ತಿರ ಎರಡು ಲಕ್ಷ ಜನರ ಜೀನ್ ನೋಡಿದ ಅಧ್ಯಯನ ಬಂತು. ಹುಟ್ಟಿನಿಂದಲೇ ಸಿಆರ್‌ಪಿ ಜಾಸ್ತಿ ಇರುವವರಿಗೆ ಹೃದ್ರೋಗ ಜಾಸ್ತಿ ಇರಲಿಲ್ಲ. ಅಲ್ಲಿಗೆ ಸಿಆರ್‌ಪಿಯೇ ಕಳ್ಳ ಅನ್ನುವ ವಾದ ಮುಗಿಯಿತು. ಉಳಿದ ಅನುಮಾನ ಅದರ ಹಿಂದಿರುವ ಉರಿಯೂತದ ಮೇಲೆ.

ಇದನ್ನು ಪರೀಕ್ಷಿಸುವುದು ಕಷ್ಟದ ಕೆಲಸ. 2008ರಲ್ಲಿ ರಿಡ್ಕರ್ 17,802 ಜನರಲ್ಲಿ ರೋಸುವಾಸ್ಟಾಟಿನ್ ಎಂಬ ಮಾತ್ರೆಯ ಪ್ರಯೋಗ ಮಾಡಿದ್ದರು. ಎಲ್ಲರಿಗೂ ಎಲ್‌ಡಿಎಲ್ 130ರ ಕೆಳಗೆ, ಸಿಆರ್‌ಪಿ 2 ಅಥವಾ ಮೇಲೆ, ಅಂದರೆ ನಿಮ್ಮಂಥವರೇ, ವಯಸ್ಸಲ್ಲಿ ದೊಡ್ಡವರು. ಅಪಾಯ 44% ಇಳಿಯಿತು. ಆದರೆ ಆ ಮಾತ್ರೆ ಕೊಲೆಸ್ಟ್ರಾಲನ್ನೂ ಇಳಿಸುತ್ತದೆ. ಕೆಲಸ ಮಾಡಿದ್ದು ಯಾವುದು?

ಅದಕ್ಕೆ ಉತ್ತರ 2017ರಲ್ಲಿ. ಆಗಲೇ ಹೃದಯಾಘಾತವಾಗಿದ್ದ 10,061 ಜನರಲ್ಲಿ ಕೆಲವರಿಗೆ ಮೂರು ತಿಂಗಳಿಗೊಮ್ಮೆ ಕ್ಯಾನಕಿನುಮ್ಯಾಬ್ ಚುಚ್ಚುಮದ್ದು, ಕೆಲವರಿಗೆ ಬರೀ ಹುಸಿ ಮದ್ದು. ಈ ಔಷಧಿ ಉರಿಯೂತದ ಒಂದು ಸಂದೇಶವನ್ನು ತಡೆಯುತ್ತದೆ, ಎಲ್‌ಡಿಎಲ್ ಮುಟ್ಟುವುದಿಲ್ಲ. 150 ಮಿ.ಗ್ರಾಂ ಡೋಸಿನಲ್ಲಿ ಅಪಾಯ 15% ಇಳಿಯಿತು. ಇಪ್ಪತ್ತು ವರ್ಷದ ವಾದ ನಿಂತಿತು. ಔಷಧಿ ಮಾತ್ರ ನಿಲ್ಲಲಿಲ್ಲ: ಪ್ರಾಣ ತೆಗೆಯುವ ಸೋಂಕು ಜಾಸ್ತಿಯಾಯಿತು, ಒಟ್ಟು ಸಾವು ಕಡಿಮೆಯಾಗಲಿಲ್ಲ, ಅಮೆರಿಕದ ಔಷಧ ನಿಯಂತ್ರಕರು ಹೃದಯಕ್ಕೆ ಅನುಮತಿ ಕೊಡಲಿಲ್ಲ. ಮರುವರ್ಷ ಉರಿಯೂತ ಇಳಿಸುವ ಅಗ್ಗದ ಔಷಧಿ ಮೆಥೊಟ್ರೆಕ್ಸೇಟ್‌ನ ಸರದಿ, 4,786 ಜನ. ಏನೂ ಆಗಲಿಲ್ಲ, ಸಿಆರ್‌ಪಿಯೂ ಇಳಿಯಲಿಲ್ಲ. ಅದನ್ನೂ ರಿಡ್ಕರ್ ಅವರೇ ಪ್ರಕಟಿಸಿದರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಆ ಪೇಪರಿನಿಂದ.

ಈಗ ಮಾತು ಕಾಲ್ಚಿಸಿನ್ ಬಗ್ಗೆ. ಗೌಟ್ ಎಂಬ ಕೀಲು ಉರಿಯೂತಕ್ಕೆ ಕೊಡುವ ಹಳೇ ಮಾತ್ರೆ. ನಮ್ಮ ಮಲೆನಾಡಿನ ಬೇಲಿಗಳಲ್ಲಿ ಕೆಂಪು-ಹಳದಿಯಾಗಿ ಅರಳುವ ಗೌರಿ ಹೂವಿದೆಯಲ್ಲ, ಅಗ್ನಿಶಿಖೆ, ಅದರ ಗೆಡ್ಡೆ ಬೀಜದಲ್ಲಿ ಇರುವುದೂ ಇದೇ ವಿಷ. ದಿನಕ್ಕೆ 0.5 ಮಿ.ಗ್ರಾಂ ಕೊಟ್ಟ ಎರಡು ದೊಡ್ಡ ಪ್ರಯೋಗಗಳಲ್ಲಿ ಅಪಾಯ 23% ಮತ್ತು 31% ಇಳಿಯಿತು, 2023ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. 2024ರಲ್ಲಿ ಬಂದ 7,062 ಜನರ ಪ್ರಯೋಗದಲ್ಲಿ ಲಾಭವೇ ಕಾಣಲಿಲ್ಲ. ಜಗಳ ಇನ್ನೂ ನಡೆಯುತ್ತಿದೆ. ದಯವಿಟ್ಟು ನೀವಾಗೇ ತಗೊಳ್ಳಬೇಡಿ, ಗೆಡ್ಡೆಯನ್ನಂತೂ ಮುಟ್ಟಲೇ ಬೇಡಿ.

ಅದೇ 2024ರಲ್ಲಿ ರಿಡ್ಕರ್ ಇನ್ನೊಂದು ಪೇಪರ್ ತಂದರು. ಎಷ್ಟು ಹೆಂಗಸರು ಅಂತ ನೋಡಿದೆ: 27,939. ಅದೇ ಜನ, ಶುರುವಿನಲ್ಲಿ ಕೊಟ್ಟ ಅದೇ ರಕ್ತ, ಈ ಸಲ ಮೂವತ್ತು ವರ್ಷದ ಲೆಕ್ಕ. ಆ ಒಂದೇ ಸಲದ ಸಿಆರ್‌ಪಿ, ಎಲ್‌ಡಿಎಲ್‌ಗಿಂತ ಜಾಸ್ತಿ ಹೇಳಿತ್ತು. ಆ ಪ್ಲಗ್ ಯಾರೂ ಕಿತ್ತಿರಲಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಅವರ 52 ದೇಶಗಳ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಬೇರೆಯವರಿಗೆ 59ರ ಹತ್ತಿರ. ಅಪಾಯದ ಹೆಚ್ಚಿನ ಪಾಲು ಒಂಬತ್ತು ಕಾರಣಗಳದ್ದು: ಸಿಗರೇಟು, ಹೊಟ್ಟೆ ಬೊಜ್ಜು, ಬಿಪಿ, ಶುಗರ್ ಅಂಥವು. ಆ ಒಂಬತ್ತರಲ್ಲಿ ಸಿಆರ್‌ಪಿ ಇಲ್ಲ. ಸೊಂಟದ ಸುತ್ತಳತೆ ಎಷ್ಟು, ಸೇದುತ್ತೀರಾ ಅಂತ ನೀವು ಬರೆದೇ ಇಲ್ಲ. ಇವೆರಡೂ ಸಿಆರ್‌ಪಿಯನ್ನೂ ಏರಿಸುತ್ತವೆ. ಎರಡನೇ ಸಲವೂ 3 ದಾಟಿದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹೃದಯಾಘಾತವಾಗಿದ್ದರೆ ಅದನ್ನೂ ಹೇಳಿ, ಎರಡು ರಿಪೋರ್ಟನ್ನೂ ಡಾಕ್ಟರಿಗೆ ತೋರಿಸಿ. ಲ್ಯಾಬಿನಲ್ಲಿ ಎಚ್‌ಎಸ್ ಅಂತ ಒತ್ತಿ ಹೇಳಿ, ಸಾದಾ ಸಿಆರ್‌ಪಿ ಮಾಡಿಬಿಡುತ್ತಾರೆ. ನೆಗಡಿ ಜ್ವರ ಇದ್ದರೆ ಮುಂದೂಡಿ. ಹಲ್ಲುನೋವಿದ್ದರೂ ಅಷ್ಟೆ.