ಹತ್ತನೇ ಕ್ಲಾಸ್ ಅಂತ ಮಗಳ ಆಟ ನಿಲ್ಲಿಸಬೇಕಾ?

ಪ್ರಶ್ನೆ: ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಖೋ-ಖೋ ಅಂದ್ರೆ ಪ್ರಾಣ, ಶಾಲೆಯ ತಂಡದಲ್ಲಿದ್ದಾಳೆ. ಮನೆಯಲ್ಲಿ ಎಲ್ಲರೂ ‘ಈ ವರ್ಷ ಆಟ ಬಿಡಿಸು’ ಅಂತಿದ್ದಾರೆ. ಸರ್ಕಾರಿ ಶಾಲೆ, ಪಿ.ಟಿ. ಪೀರಿಯಡ್‌ನಲ್ಲೂ ಈಗ ಗಣಿತ ಮಾಡ್ತಾರಂತೆ. ಇತ್ತೀಚೆಗೆ ಬೇಗ ಸುಸ್ತಾಗುತ್ತೆ, ಮಂಡಿ ನೋಯುತ್ತೆ ಅಂತಾಳೆ. ಮುಟ್ಟಿನ ದಿನಗಳಲ್ಲಿ ಆಡಬಹುದಾ?
– ಒಬ್ಬ ತಾಯಿ, ತಿಪಟೂರು

ಉತ್ತರ (ದೈಹಿಕ ಶಿಕ್ಷಣ ಶಿಕ್ಷಕರು): ದಯವಿಟ್ಟು ಆಟ ಬಿಡಿಸಬೇಡಿ. ಹೆಣ್ಣುಮಕ್ಕಳು ಮೈದಾನ ಬಿಡೋದೇ ಈ ವಯಸ್ಸಿನಲ್ಲಿ. ಹೀಗೆ ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಬರುವುದಿಲ್ಲ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2016ರವರೆಗಿನ ಅಂಕಿಅಂಶ ನೋಡಿದಾಗ, ಜಗತ್ತಿನಲ್ಲಿ 11ರಿಂದ 17ರ ನೂರು ಹುಡುಗಿಯರಲ್ಲಿ 85 ಮಂದಿಗೆ ಅಷ್ಟು ಸಿಗುತ್ತಿರಲಿಲ್ಲ. ಮೂಳೆಗಳು ಗಟ್ಟಿಯಾಗುವ ಕಾಲವೂ ಇದೇ. ಓಡಿ, ಜಿಗಿದು ಈಗ ಕೂಡಿಟ್ಟ ಬಲವೇ ನಲವತ್ತು ದಾಟಿದ ಮೇಲೆ ಕೈಹಿಡಿಯುವುದು.

ಓದು ಹಾಳಾಗುತ್ತೆ ಅನ್ನೋ ಭಯ ನನಗೆ ಅರ್ಥವಾಗುತ್ತದೆ. ಆದರೆ ಒಂದು ಸಲ ಅವಳ ಆಟ ನೋಡಿ ಬನ್ನಿ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನ ಹಿಂದೆ ‘ಖೋ’ ಬಿದ್ದ ತಕ್ಷಣ ಏಳಬೇಕು. ಒಂದು ದಿಕ್ಕಿಗೆ ಹೊರಟರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವಂತಿಲ್ಲ. ರನ್ನರ್ ತಪ್ಪಿಸಿಕೊಂಡು ಹಿಂದಕ್ಕೆ ಓಡಿದಳೋ, ಛಲ ಬಿಟ್ಟು ಸರಿಯಾದ ಕಡೆ ಕೂತವಳಿಗೆ ಖೋ ಕೊಡಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಇಷ್ಟನ್ನೂ ತೀರ್ಮಾನಿಸುವ ಹುಡುಗಿಗೆ ಗಮನ ಇಡೋದು ಗೊತ್ತಿಲ್ಲ ಅಂತ ಯಾರಾದರೂ ಹೇಳೋಕಾಗುತ್ತಾ?

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ನಿಮ್ಮ ಮಗಳೂ ಅಲ್ಲಿಗೇ ಹೋಗಬೇಕು ಅಂತಲ್ಲ. ತಾಲ್ಲೂಕು ಮಟ್ಟ ದಾಟದಿದ್ದರೂ ಆಟದಿಂದ ಅವಳಿಗೆ ಸಿಗುವ ಲಾಭ ಕಡಿಮೆಯೇನಲ್ಲ.

ಸಮಯ ಹೊಂದಿಸೋಣ. ಸಂಜೆ ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಆಡಲಿ. ಮನೆಗೆ ಬಂದು ಏನಾದರೂ ತಿಂದು ಓದೋಕೆ ಕೂರಲಿ. ಪರೀಕ್ಷೆ ಹತ್ತಿರ ಬಂದಾಗ ಅಭ್ಯಾಸ ಅರ್ಧ ಗಂಟೆಗೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮೊಟಕು ಮಾಡಲೇಬೇಕಾದರೆ ಮೊಬೈಲ್ ಇದೆಯಲ್ಲ! ನಿದ್ದೆ ಮಾತ್ರ ಎಂಟು ಗಂಟೆಗಿಂತ ಕಡಿಮೆ ಆಗಬಾರದು.

ಸುಸ್ತನ್ನು ಸುಮ್ನೆ ಬಿಡಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಎಷ್ಟೋ ಮಕ್ಕಳು ಹೊಟ್ಟೆ ತೊಳಸುತ್ತೆ ಅಂತ ಎಸೆದುಬಿಡುತ್ತಾರೆ. ಊಟದ ನಂತರ ನುಂಗಿದರೆ ಅಷ್ಟು ತೊಂದರೆ ಆಗಲ್ಲ. ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿ ಕೊಡಿ. ಊಟದ ಜೊತೆಗೇ ಟೀ ಬೇಡ.

ಮಂಡಿಚಿಪ್ಪಿನ ಕೆಳಗಿನ ಉಬ್ಬು ಒತ್ತಿದರೆ ನೋಯುತ್ತಾ ನೋಡಿ. ಬೆಳೆಯುವ ವಯಸ್ಸಿನಲ್ಲಿ ಓಡುವ, ಜಿಗಿಯುವ ಮಕ್ಕಳಲ್ಲಿ ಇದು ಜಾಸ್ತಿ. ಕೆಲವು ದಿನ ಡೈವ್, ಜಿಗಿತ ಕಡಿಮೆ ಮಾಡಿ ತೊಡೆಯ ಸ್ನಾಯು ಎಳೆಯುವ ವ್ಯಾಯಾಮ ಮಾಡಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಊತವಿದ್ದರೆ, ಕುಂಟುತ್ತಿದ್ದರೆ ಮೂಳೆ ವೈದ್ಯರ ಹತ್ತಿರ ಹೋಗಿ.

ಮುಟ್ಟಿನ ದಿನಗಳಲ್ಲಿ ಖಂಡಿತ ಆಡಬಹುದು. ಅವಳಿಗೆ ಮನಸ್ಸಿಲ್ಲದ ದಿನ ವಿಶ್ರಾಂತಿ ತಗೊಳ್ಳಲಿ. ಎಷ್ಟೋ ಮಕ್ಕಳಿಗೆ ಓಡಾಡಿದರೇ ಹೊಟ್ಟೆನೋವು ಕಡಿಮೆ. ನಿಜವಾದ ಅಡ್ಡಿ ಅಂದರೆ ಶಾಲೆಯಲ್ಲಿ ನೀರಿರುವ, ಚಿಲಕವಿರುವ ಶೌಚಾಲಯ ಇಲ್ಲದಿರುವುದು. ಅದನ್ನೂ ವಿಚಾರಿಸಿ.

ಕೊನೆಗೆ ಪಿ.ಟಿ. ಪೀರಿಯಡ್. ಅದು ವೇಳಾಪಟ್ಟಿಯಲ್ಲಿ ಮಕ್ಕಳ ಹೆಸರಿಗೆ ಬರೆದಿಟ್ಟ ಸಮಯ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ ಮುಖ್ಯ ಶಿಕ್ಷಕರನ್ನು ನೇರವಾಗಿ ಕೇಳಿ. ಒಬ್ಬರೇ ಹೋಗಬೇಡಿ, ತಂಡದ ಇತರ ಹುಡುಗಿಯರ ಅಮ್ಮಂದಿರನ್ನೂ ಕರೆದುಕೊಂಡು ಹೋಗಿ.